‘ಯೂರಿನ್ ಮಾತ್ರ ಚೆನ್ನಾಗಿ ಬರ್ತಿದೆ, ಸರ್’: ಒಂದು ಪ್ರಕರಣ ಅಧ್ಯಯನ

ನಾನು ಕಿಡ್ನಿ ಡಾಕ್ಟರ್. ಸಂಜೆ ಆರೂವರೆಗೆ ಸರ್ಜರಿ ವಾರ್ಡಿನಿಂದ ಫೋನ್ ಬಂತು. ರೋಗಿ 46 ವರ್ಷದ ಹೆಂಗಸು. ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿತ್ತು. ಮಧ್ಯಾಹ್ನ ಎರಡಕ್ಕೆ ಥಿಯೇಟರಿನಿಂದ ಹೊರಬಂದಾಗ ಸರಿಯಾಗಿಯೇ ಮಾತಾಡಿದ್ದರಂತೆ. ಈಗ ಮಂಕಾಗಿದ್ದಾರೆ. ನಡುನಡುವೆ ಸಿಡುಕುತ್ತಾರೆ, ಡ್ರಿಪ್ ಕಿತ್ತುಹಾಕಲು ನೋಡುತ್ತಾರೆ.

“ಮೊದಲೇ ಮಾನಸಿಕ ಕಾಯಿಲೆ ಇದೆ ಸರ್, ಮನೋವೈದ್ಯರಿಗೂ ಹೇಳಿ ಕಳಿಸಿದ್ದೇವೆ. ಸೋಡಿಯಂ ಸ್ವಲ್ಪ ಜಾಸ್ತಿ ಬಂದಿದೆ, 158. ಯೂರಿನ್ ಮಾತ್ರ ಚೆನ್ನಾಗಿ ಬರ್ತಿದೆ” ಅಂದ ಕಿರಿಯ ಡಾಕ್ಟರ್.

158 ಅಂದರೆ ಸ್ವಲ್ಪ ಜಾಸ್ತಿ ಅಲ್ಲ. ರಕ್ತದಲ್ಲಿ ಸೋಡಿಯಂ ಇರಬೇಕಾದ್ದು 135ರಿಂದ 145. ಆದರೆ ನನ್ನನ್ನು ಎಬ್ಬಿಸಿ ನಡೆಸಿದ್ದು ಆ ಸಂಖ್ಯೆಯಲ್ಲ, ಕೊನೆಯ ವಾಕ್ಯ. ಮೈಯಲ್ಲಿ ನೀರು ಬತ್ತಿ ಸೋಡಿಯಂ ಇಷ್ಟು ಏರಿದವರಿಗೆ ಮೂತ್ರ ‘ಚೆನ್ನಾಗಿ’ ಬರಬಾರದು. ಗಂಟೆಗೆ ನಾಲ್ಕು ಚಮಚದಷ್ಟು, ಕಡು ಹಳದಿ ಬಣ್ಣದಲ್ಲಿ ಬರಬೇಕು.

(ಬರೆಯುವ ಮುನ್ನ ಒಂದು ಮಾತು. ಇದು ಒಬ್ಬರದೇ ಕೇಸ್ ಶೀಟ್ ಅಲ್ಲ. ಇಂಥ ರೋಗಿಗಳಲ್ಲಿ ಕಾಣುವುದನ್ನು ಒಟ್ಟುಹಾಕಿ ಒಂದೇ ಪ್ರಕರಣವಾಗಿ ಹೆಣೆದಿದ್ದೇನೆ.)

ಮಂಚದ ಪಕ್ಕದಲ್ಲಿ ಯೂರಿನ್ ಬ್ಯಾಗ್ ನೇತಾಡುತ್ತಿತ್ತು. ಬಗ್ಗಿ ನೋಡಿದೆ. ಒಳಗಿರುವುದು ನಲ್ಲಿ ನೀರಿನಷ್ಟು ತಿಳಿ. ಬ್ಯಾಗಿನ ಹಿಂದೆ ಬೆರಳಿಟ್ಟರೆ ಬೆರಳಿನ ಗೆರೆ ಕಾಣಿಸುತ್ತಿತ್ತು. ಚಾರ್ಟಿನಲ್ಲಿ ಮಧ್ಯಾಹ್ನ ಒಂದರಿಂದ ಸಂಜೆ ಆರರವರೆಗೆ 1,600 ಮಿ.ಲೀ. ಅಂತ ಬರೆದಿತ್ತು. ಗಂಟೆಗೆ 320. ರೋಗಿಯ ನಾಲಿಗೆ ಮಾತ್ರ ಒಣಗಿ ಬಿರುಕು ಬಿಟ್ಟಿತ್ತು. ಏನೋ ಗೊಣಗುತ್ತಿದ್ದರು. ಕಿವಿ ಹತ್ತಿರ ಇಟ್ಟಾಗ ಗೊತ್ತಾಯಿತು, ‘ನೀರು’ ಅನ್ನುತ್ತಿದ್ದರು. ವಾಂತಿ ಆದೀತು ಅಂತ ಇನ್ನೂ ಕೊಟ್ಟಿರಲಿಲ್ಲ.

ಗಂಡ ಬಾಗಿಲ ಬಳಿ ನಿಂತಿದ್ದರು. “ಇವರು ದಿನಾ ಎಷ್ಟು ನೀರು ಕುಡೀತಾರೆ?” ಅಂತ ಕೇಳಿದೆ.

“ತುಂಬಾ ಕುಡೀತಾಳೆ ಡಾಕ್ಟ್ರೇ. ರಾತ್ರಿ ತಲೆ ಹತ್ತಿರ ಎರಡು ಬಾಟಲಿ ಇಟ್ಕೊಂಡೇ ಮಲಗೋದು. ಮೂರ್ನಾಲ್ಕು ಸಲ ಏಳ್ತಾಳೆ. ಅಭ್ಯಾಸ ಅಂದ್ಕೊಂಡಿದ್ವಿ.”

“ಮಾತ್ರೆ ಏನು ತಗೋತಾರೆ?”

“ಲಿಥಿಯಂ. ಹನ್ನೊಂದು ವರ್ಷ ಆಯ್ತು. ಅದರಿಂದಾನೇ ಚೆನ್ನಾಗಿದಾಳೆ.”

ಲಿಥಿಯಂ ಅಂದರೆ ಮನಸ್ಸಿನ ವಿಪರೀತ ಏರಿಳಿತವನ್ನು ಹತೋಟಿಯಲ್ಲಿಡುವ ಮಾತ್ರೆ. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಕೇಸ್ ಶೀಟಿನಲ್ಲೂ ಲಿಥಿಯಂ ಅಂತ ಬರೆದಿತ್ತು, ಅಲರ್ಜಿಯ ಸಾಲಿನ ಕೆಳಗೆ ಒಂದೇ ಪದವಾಗಿ. ಎಷ್ಟು ನೀರು ಕುಡಿಯುತ್ತೀರಿ ಅಂತ ಯಾರೂ ಕೇಳಿರಲಿಲ್ಲ. ಅರಿವಳಿಕೆಗೆ ಮುಂಚಿನ ಹಳೆಯ ವಾಡಿಕೆಯಂತೆ ಮಧ್ಯರಾತ್ರಿಯಿಂದ ನೀರು ನಿಲ್ಲಿಸಿದ್ದರು. ಬೆಳಿಗ್ಗೆ ಎಂಟರ ಆಪರೇಷನ್ ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿತ್ತು. ಒಟ್ಟು ಹದಿನೆಂಟು ಗಂಟೆ ಬಾಯಿಗೆ ನೀರಿಲ್ಲ. ಆ ನಡುವೆ ಎರಡು ಲೀಟರ್ ಸಲೈನ್ ಹೋಗಿತ್ತು.

ಸೋಸುವುದು ಕೆಟ್ಟಿರಲಿಲ್ಲ

ರಿಪೋರ್ಟ್ ನೋಡೋಣ. ಕ್ರಿಯಾಟಿನಿನ್ 1.1, ಹೆಚ್ಚೂಕಡಿಮೆ ಸರಿ. ಅಂದರೆ ಕಿಡ್ನಿಯ ಜರಡಿ ಕೆಲಸ ಮಾಡುತ್ತಿದೆ. ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಅಂದರೆ ಜರಡಿಗೆ ತೂತೂ ಬಿದ್ದಿಲ್ಲ. ಹಾಗಾದರೆ ತೊಂದರೆ ಎಲ್ಲಿ?

ಕಿಡ್ನಿ ಅಂದರೆ ಕೊಳೆ ಹೊರಹಾಕುವ ಯಂತ್ರ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಸುಳ್ಳಲ್ಲ. ಆದರೆ ಅದು ಕೆಲಸ ಮಾಡುವ ರೀತಿ ವಿಚಿತ್ರ. ಕಪಾಟಿನಲ್ಲಿ ಬೇಡದ್ದನ್ನು ಹುಡುಕಿ ತೆಗೆಯುವುದು ಒಂದು ಬಗೆ. ಕಪಾಟನ್ನೇ ಬಾಗಿಲಾಚೆ ಬೋರಲು ಹಾಕಿ, ಬೇಕಾದ್ದನ್ನೆಲ್ಲ ಒಂದೊಂದಾಗಿ ಒಳಗೆ ತರುವುದು ಇನ್ನೊಂದು ಬಗೆ. ಕಿಡ್ನಿಯದು ಎರಡನೆಯದು.

ಹೃದಯ ನಿಮಿಷಕ್ಕೆ ತಳ್ಳುವ ಐದು ಲೀಟರ್ ರಕ್ತದಲ್ಲಿ ಒಂದು ಲೀಟರಿಗೂ ತುಸು ಜಾಸ್ತಿ ಎರಡು ಕಿಡ್ನಿಗಳಿಗೆ ಹೋಗುತ್ತದೆ. ಒಂದೊಂದು ಕಿಡ್ನಿಯ ತೂಕ ಸುಮಾರು 150 ಗ್ರಾಂ. ಅಷ್ಟು ಸಣ್ಣ ಅಂಗಕ್ಕೆ ಅಷ್ಟು ರಕ್ತ! ಒಂದೊಂದರ ಒಳಗೆ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ, ಅಂದರೆ ಸೋಸುವ ಪುಟ್ಟ ಘಟಕಗಳು. ಪ್ರತಿಯೊಂದರ ತುದಿಯಲ್ಲಿ ಗ್ಲೊಮೆರುಲಸ್ ಎಂಬ ಕೂದಲೆಳೆ ರಕ್ತನಾಳಗಳ ಉಂಡೆ, ಅದರ ಸುತ್ತ ಬೌಮನ್ ಬಟ್ಟಲು. ಇಲ್ಲಿ ಸೋಸುವ ಗೋಡೆ ಮೂರು ಪದರದ್ದು: ತೂತುತೂತಾದ ರಕ್ತನಾಳದ ಒಳಪದರ, ನಡುವೆ ಒಂದು ಪೊರೆ, ಹೊರಗೆ ಬೆರಳಿಗೆ ಬೆರಳು ಹೆಣೆದಂತೆ ಕೂತ ಪೋಡೊಸೈಟ್ ಕೋಶಗಳು. ರಕ್ತಕಣ ದಾಟುವುದಿಲ್ಲ. ಅಲ್ಬುಮಿನ್‌ನಂಥ ದೊಡ್ಡ ಪ್ರೋಟೀನೂ ಹೆಚ್ಚುಕಡಿಮೆ ಅಲ್ಲೇ ಉಳಿಯುತ್ತದೆ. ನೀರು, ಉಪ್ಪು, ಸಕ್ಕರೆ, ಅಮೈನೊ ಆಮ್ಲ, ಯೂರಿಯಾ ಎಲ್ಲ ಸಲೀಸಾಗಿ ಆಚೆ ಹೋಗುತ್ತವೆ. ಒಳ್ಳೆಯದು ಕೆಟ್ಟದ್ದು ಅನ್ನುವ ಭೇದ ಇಲ್ಲ, ಗಾತ್ರ ಮತ್ತು ವಿದ್ಯುದಂಶ ಎರಡೇ ಲೆಕ್ಕ.

ಹೀಗೆ ದಿನಕ್ಕೆ ಸೋಸಿ ಬರುವುದು ಸುಮಾರು 180 ಲೀಟರ್. ಇಪ್ಪತ್ತು ಲೀಟರಿನ ಒಂಬತ್ತು ಬಕೆಟ್. ಮೈಯಲ್ಲಿರುವ ರಕ್ತದ್ರವವೇ ಮೂರು ಲೀಟರ್ ಆಸುಪಾಸು. ಅಂದರೆ ಅದೇ ದ್ರವ ದಿನಕ್ಕೆ ಅರವತ್ತು ಸಲ ಹೊರಗೆ ಸುರಿದು ಹೋಗುತ್ತದೆ. ಕೊನೆಗೆ ಮೂತ್ರವಾಗುವುದು ಒಂದೂವರೆ ಲೀಟರ್ ಅಷ್ಟೇ.

ಇನ್ನೊಂದು ವಿಷಯ ನನಗೆ ಯಾವಾಗಲೂ ಮಜಾ ಅನ್ನಿಸುತ್ತದೆ. ಸೋಸುವ ಕೆಲಸಕ್ಕೆ ಕಿಡ್ನಿ ಏನೂ ಖರ್ಚು ಮಾಡುವುದಿಲ್ಲ. ಆ ಒತ್ತಡ ಹೃದಯ ಕೊಟ್ಟದ್ದು. ಕಿಡ್ನಿ ಬಳಸುವ ಆಕ್ಸಿಜನ್‌ನ ಬಹುಪಾಲು ಹೋಗುವುದು ಸೋಡಿಯಂ ಅನ್ನು ವಾಪಸ್ ಒಳಗೆಳೆಯುವುದಕ್ಕೆ. ಅದರ ದುಡಿಮೆಯೆಲ್ಲ ವಾಪಸ್ ತರುವುದರಲ್ಲೇ ಇದೆ.

ಸಲೈನ್ ಹಾಕಿ ನೀರು ಕಳೆದದ್ದು

ಮೂತ್ರದ ಸಾಂದ್ರತೆ ನೋಡಲು ಕಳಿಸಿದೆ. ಲ್ಯಾಬಿನವರು ಅದಕ್ಕೆ ಆಸ್ಮೊಲಾಲಿಟಿ ಅನ್ನುತ್ತಾರೆ. ಒಂದು ಕೆ.ಜಿ. ನೀರಿನಲ್ಲಿ ಕರಗಿದ ಕಣಗಳ ಲೆಕ್ಕ ಅದು. ಬಂದ ಉತ್ತರ 104. ರಕ್ತದ್ದು 327. ರಕ್ತ ಇಷ್ಟು ಗಟ್ಟಿಯಾಗಿದ್ದಾಗ ಆರೋಗ್ಯವಂತ ಕಿಡ್ನಿ ಮೂತ್ರವನ್ನು 800ರ ಮೇಲೆ, 1,200ರವರೆಗೂ ಗಟ್ಟಿ ಮಾಡಬಲ್ಲದು. ಇಲ್ಲಿ ಮೂತ್ರ ರಕ್ತದ ಮೂರರಲ್ಲೊಂದು ಪಾಲೂ ಇಲ್ಲ.

ನೀರು ನಿಲ್ಲಿಸಿ ಮೂತ್ರ ಗಟ್ಟಿಯಾಗುತ್ತದೋ ಇಲ್ಲವೋ ನೋಡುವ ಪರೀಕ್ಷೆ ಒಂದಿದೆ. ರೋಗಿಯನ್ನು ಕೂರಿಸಿ, ಗಂಟೆಗಂಟೆಗೂ ತೂಕ ನೋಡುತ್ತಾ, ಡಾಕ್ಟರ ಕಣ್ಣೆದುರಿಗೇ ಮಾಡುವ ಪರೀಕ್ಷೆ. ಈಕೆಗೆ ಯಾರಿಗೂ ಗೊತ್ತಿಲ್ಲದ ಹಾಗೆ ಅದೇ ಪರೀಕ್ಷೆ ಆಗಿಹೋಗಿತ್ತು. ಫಲಿತಾಂಶವೂ ಕೈಯಲ್ಲಿತ್ತು.

ಈಗ ಸಲೈನ್ ವಿಚಾರ. ಶೇ 0.9ರ ಸಲೈನ್ ಒಂದು ಲೀಟರಿನಲ್ಲಿ 308 ಮಿಲಿಆಸ್ಮೋಲ್ ಉಪ್ಪಿನ ಕಣಗಳಿವೆ. ಈಕೆಯ ಕಿಡ್ನಿ ಒಂದು ಲೀಟರ್ ಮೂತ್ರದಲ್ಲಿ ಹೊರಹಾಕಬಲ್ಲದ್ದು ಅದೇ ಅಳತೆಯಲ್ಲಿ ಸುಮಾರು 104. ಹಾಗಾದರೆ ಒಂದು ಲೀಟರ್ ಸಲೈನಿನ ಉಪ್ಪನ್ನು ಪೂರ್ತಿ ಹೊರಹಾಕಲು ಮೂರು ಲೀಟರ್ ಮೂತ್ರ ಬೇಕು. ಒಂದು ಕೊಟ್ಟು ಮೂರು ಕಿತ್ತುಕೊಂಡ ಹಾಗೆ. ಮೂತ್ರ ಹೆಚ್ಚಿದಷ್ಟೂ ವಾರ್ಡಿನವರಿಗೆ ಸಮಾಧಾನ. ಸಮಾಧಾನವಾದಷ್ಟೂ ಸಲೈನ್ ಮುಂದುವರಿದಿತ್ತು. ಕಿರಿಯ ಡಾಕ್ಟರನ್ನು ಬೈಯಲಾರೆ. ಆಪರೇಷನ್ ಆದ ಹತ್ತರಲ್ಲಿ ಒಂಬತ್ತು ಜನಕ್ಕೆ ಸಲೈನ್ ಸರಿಯಾದದ್ದೇ, ಯೂರಿನ್ ಜಾಸ್ತಿ ಬಂದರೆ ಖುಷಿಪಡಬೇಕಾದ್ದೇ.

ಲಿಥಿಯಂ ಕೆಡಿಸುವ ಬಾಗಿಲು

ಸೋಸಿದ 180 ಲೀಟರ್ ವಾಪಸ್ ಬರುವುದು ಹೇಗೆ ಅಂತ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನೀರನ್ನು ನೇರವಾಗಿ ಎಳೆಯುವ ಪಂಪ್ ಕಿಡ್ನಿಯಲ್ಲಿಲ್ಲ. ಕಿಡ್ನಿ ಎಳೆಯುವುದು ಉಪ್ಪನ್ನು. ದಾರಿ ತೆರೆದಿದ್ದರೆ ನೀರು ತಾನಾಗಿ ಅದರ ಹಿಂದೆ ಬರುತ್ತದೆ.

ಬೌಮನ್ ಬಟ್ಟಲಿನಿಂದ ಹೊರಡುವ ನಾಳದ ಮೊದಲ ತುಂಡಿನಲ್ಲಿ ದಾರಿ ಸದಾ ತೆರೆದಿರುತ್ತದೆ. ಸೋಸಿ ಬಂದ ಸೋಡಿಯಂ ಮತ್ತು ನೀರಿನ ಮೂರರಲ್ಲಿ ಎರಡು ಪಾಲು ಅಲ್ಲೇ ವಾಪಸ್. ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಅಲ್ಲೇ. ಆಮೇಲೆ ನಾಳ ಹೇರ್‌ಪಿನ್ನಿನಂತೆ ಕಿಡ್ನಿಯ ಒಳಭಾಗಕ್ಕೆ ಇಳಿದು ಮತ್ತೆ ಮೇಲೇರುತ್ತದೆ. ಇಳಿಯುವಾಗ ನೀರು ಹೊರಡುತ್ತದೆ. ಏರುವಾಗ ಉಪ್ಪು ಮಾತ್ರ ಹೊರಡುತ್ತದೆ, ನೀರಿಗೆ ಬಾಗಿಲು ಪೂರ್ತಿ ಬಂದ್. ಈ ಏರುದಾರಿ ಎರಡು ಕೆಲಸ ಒಟ್ಟಿಗೆ ಮಾಡುತ್ತದೆ. ಸುತ್ತಲಿನ ಜಾಗವನ್ನು ಉಪ್ಪುಪ್ಪು ಮಾಡುತ್ತದೆ, ತಳದಲ್ಲಿ 1,200ರವರೆಗೂ. ನಾಳದ ಒಳಗೆ ಉಳಿದದ್ದನ್ನು 100ರಷ್ಟು ನೀರು ನೀರು ಮಾಡುತ್ತದೆ.

ಕೊನೆಯದು ಸಂಗ್ರಹ ನಾಳ. ಅದು ಮತ್ತೆ ಆ ಉಪ್ಪಿನ ಜಾಗದ ನಡುವೆಯೇ ಕೆಳಗಿಳಿಯುತ್ತದೆ. ಒಳಗೆ ತೆಳು ದ್ರವ, ಹೊರಗೆ ಗಟ್ಟಿ ಉಪ್ಪು. ನಡುವಿನ ಗೋಡೆಯಲ್ಲಿ ಬಾಗಿಲು ತೆರೆದರೆ ನೀರು ಹೊರಗೆ ನುಗ್ಗಿ ರಕ್ತಕ್ಕೆ ಸೇರುತ್ತದೆ. ತೆರೆಯದಿದ್ದರೆ ತೆಳು ದ್ರವ ಹಾಗೇ ಮೂತ್ರವಾಗುತ್ತದೆ. ಬಾಗಿಲು ತೆರೆಯಲು ಹೇಳುವುದು ಮೆದುಳಿನಿಂದ ಬರುವ ವಾಸೊಪ್ರೆಸಿನ್. ರಕ್ತ ನೂರಕ್ಕೆ ಒಂದೆರಡು ಪಾಲು ಗಟ್ಟಿಯಾದರೂ ಸಾಕು, ಅದು ಏರುತ್ತದೆ. ಸಂಗ್ರಹ ನಾಳದ ಕೋಶಗಳು ಒಳಗೆ ಮಡಚಿಟ್ಟ ಆಕ್ವಪೋರಿನ್-2 ಎಂಬ ನೀರಿನ ಕೊಳವೆಗಳನ್ನು ನಿಮಿಷಗಳಲ್ಲಿ ಗೋಡೆಗೆ ತಂದು ಜೋಡಿಸುತ್ತವೆ. ಇಂಥ ಕೊಳವೆ ಇದೆ ಅಂತ ಪೀಟರ್ ಆಗ್ರೆ ತೋರಿಸಿದ್ದು 1992ರಲ್ಲಿ, ಅದಕ್ಕೆ 2003ರಲ್ಲಿ ನೊಬೆಲ್ ಬಂತು. ಅದಕ್ಕೂ ಮೊದಲು ನೀರು ಇಷ್ಟು ಬೇಗ ಕೋಶ ದಾಟುವುದು ಹೇಗೆ ಅನ್ನುವುದೇ ಒಗಟಾಗಿತ್ತು.

ಈಕೆಯ 104 ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ವಾ? ಏರುದಾರಿ ಬಿಟ್ಟುಕೊಟ್ಟ ದ್ರವ ಹೇಗಿತ್ತೋ ಹಾಗೇ ಬ್ಯಾಗಿಗೆ ಬಂದು ಬೀಳುತ್ತಿತ್ತು. ಕೊನೆಯ ಬಾಗಿಲು ತೆರೆದೇ ಇರಲಿಲ್ಲ.

ಕಾರಣ ಎರಡೇ ಇರಲು ಸಾಧ್ಯ. ಮೆದುಳು ವಾಸೊಪ್ರೆಸಿನ್ ಕಳಿಸುತ್ತಿಲ್ಲ, ಇಲ್ಲವೇ ಕಳಿಸಿದರೂ ಕಿಡ್ನಿ ಕೇಳುತ್ತಿಲ್ಲ. ಡೆಸ್ಮೊಪ್ರೆಸಿನ್ ಅಂದರೆ ಪ್ರಯೋಗಾಲಯದಲ್ಲಿ ಮಾಡಿದ ವಾಸೊಪ್ರೆಸಿನ್‌ನ ತಮ್ಮ. 4 ಮೈಕ್ರೊಗ್ರಾಂ ಕೊಟ್ಟು ಎರಡು ಗಂಟೆ ಕಾದೆವು. ಮೂತ್ರದ ಸಾಂದ್ರತೆ 121. ಮೆದುಳಿನ ತೊಂದರೆ ಆಗಿದ್ದರೆ ಅದು ಎರಡು ಪಟ್ಟಾದರೂ ಆಗಬೇಕಿತ್ತು. ಕಿಡ್ನಿಗೇ ಕಿವಿ ಕೇಳಿಸುತ್ತಿರಲಿಲ್ಲ.

ಲಿಥಿಯಂ ಮಾಡುವುದು ಇದನ್ನೇ. ಸಂಗ್ರಹ ನಾಳದ ಕೋಶಕ್ಕೆ ಸೋಡಿಯಂ ಬರಲೆಂದು ಒಂದು ಕಿಂಡಿ ಇದೆ. ಲಿಥಿಯಂ ನೋಡಲು ಸೋಡಿಯಂನ ಹಾಗೇ, ಅದೇ ಕಿಂಡಿಯಲ್ಲಿ ಒಳಗೆ ನುಸುಳುತ್ತದೆ. ಹೊರಗೆ ಹೋಗಲು ಮಾತ್ರ ಅಷ್ಟು ಸಲೀಸಲ್ಲ. ಒಳಗೆ ಸೇರಿಕೊಂಡು ವಾಸೊಪ್ರೆಸಿನ್‌ನ ಸಂದೇಶವನ್ನು ಮಂಕಾಗಿಸುತ್ತದೆ. ಆಕ್ವಪೋರಿನ್-2 ತಯಾರಾಗುವುದೇ ಕಡಿಮೆಯಾಗುತ್ತದೆ. ಈ ಕಾಯಿಲೆಗೆ ಹಳೆಯ ಹೆಸರು ನೆಫ್ರೊಜೆನಿಕ್ ಡಯಾಬಿಟಿಸ್ ಇನ್ಸಿಪಿಡಸ್. ಸಕ್ಕರೆ ಕಾಯಿಲೆ ಅಂತ ತಪ್ಪು ತಿಳಿದು ಅನಾಹುತ ಆಗುತ್ತಿದ್ದುದರಿಂದ 2022ರಲ್ಲಿ ಹೆಸರು ಬದಲಿಸಿ ‘ವಾಸೊಪ್ರೆಸಿನ್ ಪ್ರತಿರೋಧ’ ಅಂದರು. ಒಳ್ಳೆಯ ಕೆಲಸ ಮಾಡಿದರು.

ಹನ್ನೊಂದು ವರ್ಷದಲ್ಲಿ ಯಾವತ್ತೂ ಸೋಡಿಯಂ ಏರದೆ ಇದ್ದದ್ದು ಯಾಕೆ? ಬಾಯಾರಿಕೆ. ಏಳು ಲೀಟರ್ ಹೋದರೆ ಏಳು ಲೀಟರ್ ಕುಡಿಯುತ್ತಿದ್ದರು. ತಲೆ ಹತ್ತಿರದ ಆ ಎರಡು ಬಾಟಲಿಗಳೇ ಅವರನ್ನು ಕಾಪಾಡಿದ್ದು. ಆಸ್ಪತ್ರೆ ಮೊದಲು ತೆಗೆದಿಟ್ಟದ್ದೇ ಆ ಬಾಟಲಿಗಳನ್ನು.

ನಾನು ಮಾಡಿದ ತಪ್ಪು

ಲೆಕ್ಕ ಹಾಕಿದೆ. ತೂಕ 58 ಕೆ.ಜಿ., ಮೈಯಲ್ಲಿ ಸುಮಾರು 29 ಲೀಟರ್ ನೀರು. ಸೋಡಿಯಂ 158 ಇದ್ದರೆ ಕೊರತೆ ಸುಮಾರು 3.7 ಲೀಟರ್. ಜೊತೆಗೆ ಗಂಟೆಗಂಟೆಗೂ ಸೋರುತ್ತಿರುವುದು ಬೇರೆ. ಸಲೈನ್ ತೆಗೆಸಿ, ಶೇ 5ರ ಗ್ಲೂಕೋಸ್ ಡ್ರಿಪ್ ಗಂಟೆಗೆ 400 ಮಿ.ಲೀ. ಹಾಕಿಸಿದೆ. ಗ್ಲೂಕೋಸನ್ನು ದೇಹ ಉರಿಸಿಬಿಡುತ್ತದೆ, ಉಳಿಯುವುದು ಬರೀ ನೀರು. ಪುಸ್ತಕದ ಪ್ರಕಾರ ಸರಿ.

ರಾತ್ರಿ ಹನ್ನೊಂದಕ್ಕೆ ನರ್ಸ್ ಕರೆದರು. ಮೂತ್ರ ಗಂಟೆಗೆ 450ಕ್ಕೆ ಏರಿತ್ತು. ಸೋಡಿಯಂ 157, ಅಲ್ಲಾಡಿಲ್ಲ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 241. ಮೂತ್ರದ ಪಟ್ಟಿಯಲ್ಲಿ ಸಕ್ಕರೆಗೆ ಮೂರು ಪ್ಲಸ್.

ಗಂಟೆಗೆ 400 ಮಿ.ಲೀ. ಅಂದರೆ 20 ಗ್ರಾಂ ಗ್ಲೂಕೋಸ್. ಆಪರೇಷನ್ನಿನ ಒತ್ತಡದಲ್ಲಿರುವ ಮೈ ಅಷ್ಟನ್ನು ಉರಿಸಲಾರದು. ಸಾಮಾನ್ಯ ದಿನದಲ್ಲಿ ಕಿಡ್ನಿ ಸೋಸುವ ಸಕ್ಕರೆ ಸುಮಾರು 180 ಗ್ರಾಂ, ವಾಪಸ್ ತರುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ತರುವ ಕೂಲಿಗಳ ಸಂಖ್ಯೆಗೆ ಮಿತಿ ಇದೆ. ರಕ್ತದ ಸಕ್ಕರೆ 180 ಆಸುಪಾಸು ದಾಟಿದರೆ ಎಲ್ಲರ ಕೈಯೂ ತುಂಬಿ, ಮಿಕ್ಕದ್ದು ನಾಳದಲ್ಲೇ ಉಳಿಯುತ್ತದೆ. ಉಳಿದ ಸಕ್ಕರೆ ನೀರನ್ನೂ ಹಿಡಿದಿಟ್ಟುಕೊಂಡು ಹೊರಡುತ್ತದೆ. ಕೊನೆಯ ಬಾಗಿಲು ಮೊದಲೇ ಬಂದ್ ಆಗಿದ್ದ ಕಿಡ್ನಿಯಲ್ಲಿ ನಾನು ಮೊದಲ ಬಾಗಿಲಲ್ಲೂ ಜಾತ್ರೆ ಮಾಡಿಸಿದ್ದೆ.

ಸಕ್ಕರೆ ಸೋಸಿ ಆಮೇಲೆ ವಾಪಸ್ ಹೋಗುತ್ತದೆ ಅನ್ನುವುದು 1924ರವರೆಗೂ ವಾದದ ವಿಷಯವೇ ಆಗಿತ್ತು. ಆ ವರ್ಷ ವರ್ನ್ ಮತ್ತು ರಿಚರ್ಡ್ಸ್ ಕಪ್ಪೆಯ ಕಿಡ್ನಿಯ ಒಂದೇ ಒಂದು ಬೌಮನ್ ಬಟ್ಟಲಿಗೆ ಗಾಜಿನ ಸೂಜಿ ಚುಚ್ಚಿ ಹನಿ ದ್ರವ ತೆಗೆದರು. ಅದರಲ್ಲಿ ಸಕ್ಕರೆ ಇತ್ತು. ಅದೇ ಕಪ್ಪೆಯ ಮೂತ್ರಕೋಶದಲ್ಲಿ ಇರಲಿಲ್ಲ. ನಡುದಾರಿಯಲ್ಲಿ ಯಾರೋ ಎತ್ತಿಕೊಂಡಿದ್ದಾರೆ ಅಂತಾಯಿತು. ನನ್ನ ರೋಗಿಯಲ್ಲಿ ಆ ರಾತ್ರಿ ಎತ್ತಿಕೊಳ್ಳುವವರು ಸಾಲಲಿಲ್ಲ.

ಡ್ರಿಪ್ ಅರ್ಧಕ್ಕಿಳಿಸಿದೆ. ಸರ್ಜನ್ ಒಪ್ಪಿಗೆ ಪಡೆದು ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿ, ಸುಮ್ನೆ ಕುಡಿಯುವ ನೀರನ್ನೇ ಗಂಟೆಗಿಷ್ಟು ಅಂತ ಬಿಟ್ಟೆವು. ತಾಸಿನೊಳಗೆ ಮೂತ್ರ ಇಳಿಯಿತು. ಸೋಡಿಯಂ ಬೆಳಿಗ್ಗೆ ಐದಕ್ಕೆ 152. ಆ ಹೊತ್ತಿಗೆ ಕಣ್ಣು ತೆರೆದು ಗಂಡನ ಹೆಸರು ಹಿಡಿದು ಕರೆದರು, ಆಮೇಲೆ ನೀರು ಕೇಳಿದರು. ಒಂದೇ ಉಸಿರಿಗೆ ಎರಡು ಲೋಟ, ಹತ್ತು ನಿಮಿಷ ಬಿಟ್ಟು ಇನ್ನೆರಡು. ನಳಿಕೆ ತೆಗೆದೆವು. ಅಲ್ಲಿಂದಾಚೆ ಚಿಕಿತ್ಸೆ ಅವರದೇ ಕೈಯಲ್ಲಿತ್ತು. ಸಂಜೆಗೆ ಸೋಡಿಯಂ 146. ಮನೋವೈದ್ಯರು ಬಂದಾಗ ಅವರಿಗೆ ಮಾಡಲು ಕೆಲಸ ಉಳಿದಿರಲಿಲ್ಲ.

ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಮೂತ್ರ ಇಳಿಸಿದ್ದು

ಮನೆಗೆ ಕಳಿಸುವ ಮುನ್ನ ಲಿಥಿಯಂ ಬಗ್ಗೆ ಉದ್ದ ಮಾತುಕತೆ ಆಯಿತು. ನಿಲ್ಲಿಸಬಹುದಿತ್ತು. ಆದರೆ ಇಷ್ಟು ವರ್ಷದ ಮೇಲೆ ನಿಲ್ಲಿಸಿದರೂ ಬಾಗಿಲು ಪೂರ್ತಿ ತೆರೆಯುತ್ತದೆ ಅನ್ನುವ ಖಾತ್ರಿ ಇಲ್ಲ. “ಇದಕ್ಕಿಂತ ಮುಂಚಿನ ಐದು ವರ್ಷ ನನಗೆ ಬೇಡ ಡಾಕ್ಟ್ರೇ” ಅಂದರು. ಆ ಮಾತಿನ ಎದುರು ಏಳು ಲೀಟರ್ ದೊಡ್ಡದಾಗಿ ಕಾಣಲಿಲ್ಲ. ಮನೋವೈದ್ಯರ ಜೊತೆ ಸೇರಿ, ಲಿಥಿಯಂ ರಾತ್ರಿ ಒಂದೇ ಸಲಕ್ಕೆ ಅಂತ ಮಾಡಿದೆವು.

ಮುಂದಿನ ಲೆಕ್ಕ ಸರಳ. ದಿನಕ್ಕೆ 7 ಲೀಟರ್, ಲೀಟರಿಗೆ 105. ಅಂದರೆ ಹೊರಗೆ ಹೋಗಬೇಕಾದ ಕಣಗಳು ಸುಮಾರು 735. ಮೂತ್ರ 600ಕ್ಕೆ ಗಟ್ಟಿಯಾಗುವಂತಿದ್ದರೆ ಅಷ್ಟಕ್ಕೆ 1.2 ಲೀಟರ್ ಸಾಕಿತ್ತು. ಗಟ್ಟಿ ಮಾಡಲು ಆಗದಿದ್ದರೆ ಕಣಗಳನ್ನಾದರೂ ಕಡಿಮೆ ಮಾಡಬೇಕು. ಊಟದಲ್ಲಿ ಉಪ್ಪು ಇಳಿಸಿದೆವು. ಲಿಥಿಯಂ ನುಸುಳುವ ಕಿಂಡಿಯನ್ನು ಮುಚ್ಚುವ ಮಾತ್ರೆ ಅಮಿಲೊರೈಡ್, ಅದನ್ನು ಶುರು ಮಾಡಿದೆವು. ತಿಂಗಳಲ್ಲಿ 5 ಲೀಟರಿಗೆ ಇಳಿಯಿತು.

ಆಮೇಲೆ ಥಯಜೈಡ್. ಇದು ಮೂತ್ರ ಹೆಚ್ಚಿಸುವ ಮಾತ್ರೆ. ಗಂಡ ಚೀಟಿ ನೋಡಿ ಅಂಗಡಿಯಿಂದಲೇ ಫೋನ್ ಮಾಡಿದರು, ತಪ್ಪು ಬರೆದಿದ್ದೀರಾ ಅಂತ. ತಪ್ಪಲ್ಲ. ಆ ಮಾತ್ರೆ ನಾಳದ ಕೊನೆ ಭಾಗದಲ್ಲಿ ಸ್ವಲ್ಪ ಉಪ್ಪು ಹೊರಹೋಗಲು ಬಿಡುತ್ತದೆ. ಮೈಯಲ್ಲಿ ಉಪ್ಪು ತುಸು ಕಡಿಮೆ ಬಿದ್ದಾಗ ನಾಳದ ಮೊದಲ ತುಂಡು ಗಾಬರಿಯಾಗಿ ಜಾಸ್ತಿ ಉಪ್ಪು ಎಳೆಯುತ್ತದೆ, ಜೊತೆಗೆ ನೀರು. ಕೆಟ್ಟುಹೋದ ಕೊನೆಯ ಬಾಗಿಲಿನವರೆಗೆ ಬಂದು ತಲುಪುವ ನೀರೇ ಕಡಿಮೆಯಾಗುತ್ತದೆ. 1959ರಿಂದ ಗೊತ್ತಿರುವ ಉಪಾಯ. ಈಗಲೂ ಬರೆಯುವಾಗ ಕೈ ಒಂದು ಕ್ಷಣ ತಡೆಯುತ್ತದೆ.

ಅದರಲ್ಲೊಂದು ಮುಳ್ಳಿದೆ. ಮೊದಲ ತುಂಡು ಸೋಡಿಯಂ ಜೊತೆಗೆ ಲಿಥಿಯಂ ಅನ್ನೂ ಬಾಚಿಕೊಳ್ಳುತ್ತದೆ. ಎರಡನೇ ವಾರದಲ್ಲಿ ರಕ್ತದ ಲಿಥಿಯಂ 0.7ರಿಂದ 1.1ಕ್ಕೆ ಏರಿತು, ಕೈ ಸಣ್ಣಗೆ ನಡುಗತೊಡಗಿತು. ಲಿಥಿಯಂ ಪ್ರಮಾಣ ಇಳಿಸಿದೆವು, ನಡುಕ ನಿಂತಿತು. ಮೂರನೇ ತಿಂಗಳಿಗೆ ಕಣಗಳು 600ಕ್ಕೆ ಬಂದಿದ್ದವು, ಮೂತ್ರದ ಸಾಂದ್ರತೆ 170, ದಿನದ ಮೂತ್ರ ಮೂರೂವರೆ ಲೀಟರ್. ರಾತ್ರಿ ಒಂದೇ ಸಲ ಏಳುತ್ತಿದ್ದರು.

ಎಂಟು ತಿಂಗಳ ನಂತರ ಮತ್ತೊಂದು ಆಪರೇಷನ್, ಮಣಿಕಟ್ಟಿನ ಮೂಳೆಗೆ. ಈ ಸಲ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ. ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ನೀರು ಕೊಟ್ಟರು. ಡ್ರಿಪ್ ಗ್ಲೂಕೋಸಿನದು, ನಿಧಾನಕ್ಕೆ. ಎರಡೆರಡು ಗಂಟೆಗೆ ಸೋಡಿಯಂ ನೋಡಿದರು, 142, 143, 143. ಮಧ್ಯಾಹ್ನ ನಾನು ಹೋದಾಗ ಎದ್ದು ಕೂತಿದ್ದರು. ಬ್ಯಾಂಡೇಜ್ ಇಲ್ಲದ ಕೈಯಲ್ಲಿ ನೀರಿನ ಬಾಟಲಿ. ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಅವರದೇ ಅಕ್ಷರ: ‘ನನಗೆ ನೀರು ನಿಲ್ಲಿಸುವ ಮುನ್ನ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ.’